ಕೇಳುವವರಿಲ್ಲದ ಕೆಲಸ

ಅಧ್ಯಾಪಕ ವೃತ್ತಿಯನ್ನು ಹೊರಗಿನಿಂದ ನೋಡುವವರಿಗೆ ಅದು ಬಿಡುವಿನ ವೃತ್ತಿಯಾಗಿ ಕಾಣುವುದುಂಟು. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಕೊನೆಯ ಗಂಟೆಯವರೆಗೆ ಕೆಲಸ. ಶನಿವಾರ ಅರ್ಧ ದಿನ. ದಸರೆಗೊಂದು ರಜೆ, ಬೇಸಗೆಗೊಂದು ರಜೆ. ಈ ಲೆಕ್ಕ ಒಂದು ಕಾಲಕ್ಕೆ ಅಷ್ಟಿಷ್ಟು ಸರಿಯಾಗಿದ್ದಿರಬಹುದು. ಇಂದಿನ ಪ್ರೌಢಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಕುಳಿತು ನೋಡಿದವರು ಹಾಗೆನ್ನಲಾರರು. ಒಬ್ಬರು ಮಕ್ಕಳ ವಿವರಗಳನ್ನು ಸ್ಯಾಟ್ಸ್ ತಂತ್ರಾಂಶಕ್ಕೆ ತುಂಬುತ್ತಿರುತ್ತಾರೆ. ಇನ್ನೊಬ್ಬರು, ವಿದ್ಯಾರ್ಥಿವೇತನದ ಅರ್ಜಿಯಲ್ಲಿಯ ತಂದೆಯ ಹೆಸರು ಆಧಾರ್ ಕಾರ್ಡಿನ ಹೆಸರಿಗೆ ಒಂದಕ್ಷರ ಹೊಂದಲಿಲ್ಲವೆಂದು, ಪಾಲಕರನ್ನು ದೂರವಾಣಿಯಲ್ಲಿ ಹುಡುಕುತ್ತಿರುತ್ತಾರೆ. ಮತ್ತೊಬ್ಬರ ಮುಂದೆ ಬಿಸಿಯೂಟದ ಅಕ್ಕಿ-ಬೇಳೆಯ ದಾಸ್ತಾನು ಪುಸ್ತಕ ತೆರೆದಿರುತ್ತದೆ. ಮೇಜಿನ ತುದಿಯಲ್ಲಿ ಐವತ್ತು ನೋಟ್ ಪುಸ್ತಕಗಳ ಕಟ್ಟೊಂದು ದಾರ ಬಿಚ್ಚದೆ ಬಿದ್ದಿರುತ್ತದೆ.

ಆ ಕೊನೆಯ ಕಟ್ಟಿನ ಕುರಿತಾಗಿಯೇ ಇಲ್ಲಿ ನಾಲ್ಕು ಮಾತು ಬರೆಯಬೇಕೆನಿಸಿದೆ. ಕೆಲಸ ಮಿತಿಮೀರಿದಾಗ ಮನುಷ್ಯ ಕೈಕಟ್ಟಿ ಕೂಡುತ್ತಾನೆಂಬುದು ಸರಿಯಲ್ಲ. ಆತ ಮೊದಲಿಗಿಂತ ಹೆಚ್ಚಾಗಿಯೇ ದುಡಿಯುತ್ತಾನೆ. ಆದರೆ ಯಾವ ಕೆಲಸಕ್ಕೆ ಕೇಳುವವರಿದ್ದಾರೋ ಆ ಕೆಲಸವನ್ನು ಮೊದಲು ಮಾಡುತ್ತಾನೆ. ಅಂಕಿ-ಅಂಶದ ವರದಿಗೆ ಕೇಳುವ ಕಚೇರಿಯಿದೆ, ಅದಕ್ಕೊಂದು ಗಡುವಿದೆ, ತಡವಾದರೆ ಕಾರಣ ಕೇಳುವ ಪತ್ರ ಬರುತ್ತದೆ. ಎಂಟನೆಯ ತರಗತಿಯ ಹುಡುಗನೊಬ್ಬ ಒತ್ತಕ್ಷರಗಳನ್ನು ತಪ್ಪಾಗಿ ಬರೆಯುತ್ತಲೇ ಹತ್ತನೆಯ ತರಗತಿಗೆ ಬಂದನೆಂದರೆ ಯಾರೂ ಪತ್ರ ಬರೆಯುವುದಿಲ್ಲ. ಆ ಹುಡುಗನಂತೂ ಕೇಳುವುದೇ ಇಲ್ಲ. ಹೀಗಾಗಿ ದಿನವಿಡೀ ದುಡಿದು ದಣಿದು ಮನೆಗೆ ಹೋಗುವ ಅಧ್ಯಾಪಕರು, ತಾವು ಯಾವ ಕಾರ್ಯಕ್ಕಾಗಿ ಈ ವೃತ್ತಿಗೆ ಬಂದರೋ ಅದೊಂದನ್ನುಳಿದು ಮಿಕ್ಕೆಲ್ಲವನ್ನೂ ಮುಗಿಸಿರುತ್ತಾರೆ. ಇದು ವ್ಯಕ್ತಿದೋಷವೆಂದು ನಾನು ಭಾವಿಸುವುದಿಲ್ಲ. ಸದ್ದು ಮಾಡುವ ಕೆಲಸದ ಕಡೆಗೆ ಯಾರ ಕೈಯಾದರೂ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಕನ್ನಡ ಕಲಿಸುವ ಅಧ್ಯಾಪಕರೊಬ್ಬರಿಗೆ ಐದು ವಿಭಾಗಗಳು, ವಿಭಾಗಕ್ಕೆ ಐವತ್ತು ಮಕ್ಕಳು ಎಂದಿಟ್ಟುಕೊಂಡರೆ 250 ಪುಸ್ತಕಗಳಾದವು. ಒಂದಕ್ಕೆ ಮೂರು ನಿಮಿಷ (ಮೂರು ನಿಮಿಷದಲ್ಲಿ ಪ್ರಬಂಧವೊಂದನ್ನು ಓದಿ ತಿದ್ದಬಲ್ಲವರು ಚುರುಕಿನವರೇ ಸರಿ) ಎಂದರೂ 750 ನಿಮಿಷ, ಅಂದರೆ ಹನ್ನೆರಡೂವರೆ ತಾಸು. ವಾರದಲ್ಲಿ ಅವರಿಗೆ ಪಾಠವಿಲ್ಲದ ಅವಧಿಗಳು ಹನ್ನೆರಡು ಎಂದು ಹಿಡಿಯೋಣ; ನಲವತ್ತು ನಿಮಿಷದ ಅವಧಿಯಾದರೆ ಅದು ಎಂಟು ತಾಸು. ಅದರೊಳಗೆ ರಜೆಯ ಮೇಲಿರುವ ಸಹೋದ್ಯೋಗಿಯ ತರಗತಿಗೆ ಹೋಗಿ ಕೂಡಬೇಕಾದ ಎರಡು ಮೂರು ಅವಧಿಗಳನ್ನು ಕಳೆಯಿರಿ. ಪಾಠದ ಸಿದ್ಧತೆಯನ್ನು ಇನ್ನೂ ಎಣಿಸಿಲ್ಲ. ಉಳಿದುದನ್ನು ಮನೆಗೆ ಹೊತ್ತೊಯ್ಯಬೇಕು. ಅಧ್ಯಾಪಕಿಯರಿಗಂತೂ ಅಲ್ಲಿ ಅಡುಗೆ, ಮಕ್ಕಳು, ಹಿರಿಯರ ಔಷಧಿ ಎಂದು ಎರಡನೆಯ ದಿನವೇ ಆರಂಭವಾಗಿರುತ್ತದೆ. ಈ ಕೊಡಕ್ಕೆ ಇಷ್ಟು ನೀರು ಹಿಡಿಸದು. ಸಮಯಪಾಲನೆಯ ಉಪನ್ಯಾಸ ಕೇಳಿದ ಮಾತ್ರಕ್ಕೆ ಕೊಡ ದೊಡ್ಡದಾಗುವುದಿಲ್ಲ.

ಕಾನೂನಿನ ಕರ್ತೃಗಳಿಗೆ ಈ ಮಾತು ತಿಳಿಯದೆ ಇರಲಿಲ್ಲ. ಒಂದರಿಂದ ಎಂಟನೆಯ ತರಗತಿಯವರೆಗೆ ಅನ್ವಯಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯು ತನ್ನ ಅನುಸೂಚಿಯಲ್ಲಿ ಅಧ್ಯಾಪಕರಿಗೆ ವಾರಕ್ಕೆ ಕನಿಷ್ಠ 45 ತಾಸುಗಳ ಕೆಲಸವನ್ನು ಗೊತ್ತುಪಡಿಸಿದೆ. ಸಿದ್ಧತೆಯ ತಾಸುಗಳೂ ಅದರಲ್ಲಿಯೇ ಸೇರಿವೆ. ಸಿದ್ಧತೆಯೂ ಕೆಲಸವೇ ಎಂಬುದನ್ನು ಕಾನೂನು ಒಪ್ಪಿದೆ, ನಮ್ಮ ವೇಳಾಪಟ್ಟಿಗಳು ಒಪ್ಪಿಲ್ಲ. ಅದೇ ಕಾಯ್ದೆಯ 27ನೆಯ ವಿಧಿಯ ಮೇರೆಗೆ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಹಾಗೂ ಚುನಾವಣೆ ಇವುಗಳ ಹೊರತಾಗಿ ಬೋಧಕೇತರ ಕಾರ್ಯಗಳಿಗೆ ಅಧ್ಯಾಪಕರನ್ನು ನಿಯೋಜಿಸುವಂತಿಲ್ಲ. ಆದರೂ 2025ರಲ್ಲಿ ನಮ್ಮ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಗಣತಿದಾರರಲ್ಲಿ ಬಹುಪಾಲು ಅಧ್ಯಾಪಕರೇ ಆಗಿದ್ದರು. ಅದು ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರೆ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಸಮೀಕ್ಷೆ ಬೇಕಿತ್ತೋ ಬೇಡವಾಗಿತ್ತೋ ಎಂಬ ಚರ್ಚೆಗೆ ಇದು ಸ್ಥಳವಲ್ಲ. ಹೋದ ದಿನಗಳ ಪಾಠವನ್ನು ತುಂಬಿಕೊಡುವ ಹೊಣೆಯೂ ಮನೆ ಮನೆ ತಿರುಗಿ ಬಂದ ಅದೇ ಅಧ್ಯಾಪಕರ ಹೆಗಲ ಮೇಲೆಯೇ ಬಿತ್ತೆಂಬುದನ್ನಷ್ಟೇ ಇಲ್ಲಿ ನೆನಪಿಸುತ್ತೇನೆ.

ಸರ್ಕಾರದ ಧೋರಣೆ ಬದಲಾಗುವವರೆಗೆ ಅಧ್ಯಾಪಕರು ಕಾಯುತ್ತ ಕೂಡುವಂತಿಲ್ಲ. ಮಕ್ಕಳು ಆ ವೇಳೆಗೆ ಶಾಲೆ ಬಿಟ್ಟು ಹೋಗಿರುತ್ತಾರೆ. ಆದುದರಿಂದ ತಮ್ಮ ಕೈಯಲ್ಲಿರುವಷ್ಟರ ಮಟ್ಟಿಗೆ ಏನು ಮಾಡಬಹುದೆಂಬುದನ್ನು ಯೋಚಿಸಬೇಕು. ಇಲ್ಲಿ ಮನಃಶಾಸ್ತ್ರಜ್ಞರ ಕೆಲವು ಅರಿವುಗಳು ಸಹಾಯಕ್ಕೆ ಬರುತ್ತವೆ. ಬರ್ಲಿನ್ನಿನಲ್ಲಿ ಅಧ್ಯಯನ ಮಾಡುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿ, ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತದೆಂದು 1927ರಲ್ಲಿ ಪ್ರಕಟಿಸಿದರು. ಮುಂದಿನ ಎಲ್ಲ ಪ್ರಯೋಗಗಳೂ ಆ ಫಲಿತಾಂಶವನ್ನು ಸಮರ್ಥಿಸಿಲ್ಲ. ಆದರೆ ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತದೆಂಬುದಕ್ಕೆ ನಮಗೆ ಪ್ರಯೋಗಶಾಲೆಯ ಸಾಕ್ಷಿ ಬೇಕಿಲ್ಲ. ಹೆಚ್ಚು ಉಪಯುಕ್ತವಾದುದು 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು ತೋರಿಸಿದ ಸಂಗತಿ: ಈ ಕೊರೆತ ನಿಲ್ಲಲು ಕೆಲಸ ಮುಗಿಯಲೇಬೇಕೆಂದಿಲ್ಲ, ಅದನ್ನು ಯಾವಾಗ, ಹೇಗೆ ಮಾಡುವೆನೆಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಮನಸ್ಸು ಬಹುಮಟ್ಟಿಗೆ ಹಗುರಾಗುತ್ತದೆ. ‘ಪುಸ್ತಕ ತಿದ್ದಬೇಕು’ ಎಂಬುದು ಚಿಂತೆ. ‘ಎಂಟನೆಯ ಬಿ ವಿಭಾಗದ ಮೊದಲ ಹತ್ತು ಪುಸ್ತಕ, ಮಂಗಳವಾರ ಎರಡನೆಯ ಅವಧಿ’ ಎಂಬುದು ಏರ್ಪಾಟು. ದಿನಚರಿಯಲ್ಲಿ ಹೀಗೆ ಬರೆದಿಡುವ ಅಧ್ಯಾಪಕರು ಉಳಿದ ಹೊತ್ತಿನಲ್ಲಿ ಆ ಕಟ್ಟನ್ನು ಕಂಡು ಕಳವಳಪಡಬೇಕಾಗುವುದಿಲ್ಲ.

2009ರಲ್ಲಿ ಸೋಫಿ ಲೆರೋಯ್ ಎಂಬ ಸಂಶೋಧಕಿ ಬರೆದ ಇನ್ನೊಂದು ವಿಷಯ ವಾಟ್ಸಾಪಿನ ಈ ಕಾಲಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ನಮ್ಮ ಗಮನದ ಒಂದು ಪಾಲು ಹಿಂದಿನದರಲ್ಲಿಯೇ ಉಳಿದುಬಿಡುತ್ತದೆಂದು ಅವರು ಕಂಡುಕೊಂಡರು. ಐದು ಪುಸ್ತಕ ತಿದ್ದುವಷ್ಟರಲ್ಲಿ ಮೂರು ಸಂದೇಶಗಳಿಗೆ ಉತ್ತರಿಸುವವರಿಗೆ ಪುಸ್ತಕವೂ ಸರಿಯಾಗಿ ಕಾಣದು, ಸಂದೇಶವೂ ಸರಿಯಾಗಿ ಹೋಗದು. ಅಂಕಿ-ಅಂಶ ತುಂಬುವ ಕೆಲಸಗಳನ್ನೆಲ್ಲ ದಿನದ ಕೊನೆಯ ಒಂದೇ ಅವಧಿಗೆ ಕೂಡಿಹಾಕಿ, ಅಲ್ಲಿಯವರೆಗೆ ಮೊಬೈಲನ್ನು ಮೇಜಿನ ಖಾನೆಯಲ್ಲಿಟ್ಟರೆ ಅರ್ಧ ಗದ್ದಲ ಅಡಗೀತು.

ಆದರೆ ನನ್ನ ಮುಖ್ಯ ಸಲಹೆ ಬೇರೆಯೇ ಇದೆ. ಕೆಲಸ ಮೈಮೇಲೆ ಬಿದ್ದ ದಿನ ಕೇಳುವವರಿಲ್ಲದ ಕೆಲಸವನ್ನು ಮೊದಲು ಮಾಡಬೇಕು. ಗಡುವಿರುವ ಕಾಗದ ತಾನಾಗಿಯೇ ತನ್ನ ದಾರಿ ಹುಡುಕಿಕೊಳ್ಳುತ್ತದೆ. ನೀವು ಮರೆತರೂ ನೆನಪಿಸಲು ನಾಲ್ವರಿದ್ದಾರೆ. ದಿನದ ಮೊದಲ ಬಿಡುವಿನ ಅವಧಿಯನ್ನು ಪಾಠದ ಸಿದ್ಧತೆಗೆ ಅಥವಾ ಹತ್ತು ಪುಸ್ತಕಗಳಿಗೆ ಮೀಸಲಿಡಬೇಕು. ಹತ್ತೇ ಸಾಕು. 250 ಪುಸ್ತಕಗಳನ್ನು ತಿಂಗಳ ಕೊನೆಯ ಒಂದೆರಡು ರಾತ್ರಿಗಳಲ್ಲಿ ಕೆಂಪು ಶಾಯಿಯ ಗೆರೆಯೆಳೆದು ರುಜು ಮಾಡಿ ಮುಗಿಸುವ ಪರಿಪಾಟ ಎಲ್ಲರಿಗೂ ಗೊತ್ತಿರುವಂಥದೇ. ಅದರಿಂದ ತನಿಖೆಗೆ ಬಂದವರಿಗೆ ಸಮಾಧಾನವಾದೀತು, ಹುಡುಗನಿಗೆ ಏನೂ ಸಿಗುವುದಿಲ್ಲ. ಹತ್ತು ಪುಸ್ತಕಗಳನ್ನು ನಿಜವಾಗಿ ಓದಿದರೆ ಇಡೀ ತರಗತಿ ಎಲ್ಲಿ ಎಡವುತ್ತಿದೆಯೆಂಬುದು ಸಾಮಾನ್ಯವಾಗಿ ತಿಳಿದುಬಿಡುತ್ತದೆ. ಮರುದಿನ ಹತ್ತು ನಿಮಿಷ ಕಪ್ಪುಹಲಗೆಯ ಮೇಲೆ ಅದೊಂದನ್ನೇ ತಿದ್ದಿ ತೋರಿಸಿದರೆ ಉಳಿದ ನಲವತ್ತು ಮಕ್ಕಳಿಗೂ ಅದು ತಲುಪುತ್ತದೆ. ಒಂದು ವಾರ ಒತ್ತಕ್ಷರ, ಇನ್ನೊಂದು ವಾರ ವಿಭಕ್ತಿ ಪ್ರತ್ಯಯ, ಮತ್ತೊಂದು ವಾರ ವಾಕ್ಯದ ಕೊನೆ. ಎಲ್ಲ ತಪ್ಪುಗಳನ್ನೂ ಒಮ್ಮೆಲೇ ಕೆಂಪಾಗಿಸಿದ ಪುಟವನ್ನು ಯಾವ ಹುಡುಗನೂ ಎರಡನೆಯ ಸಲ ನೋಡುವುದಿಲ್ಲ. ಇನ್ನು ಕಾಗದ-ಪತ್ರಗಳ ವಿಷಯ: ಅಂಕಿಗಳು ನಿಜವಾಗಿದ್ದರೆ ಸಾಕು, ವರದಿಗೆ ಅಲಂಕಾರ ಬೇಕಿಲ್ಲ. ಕಾರ್ಯಕ್ರಮದ ವರದಿಗೆ ಹನ್ನೆರಡು ಛಾಯಾಚಿತ್ರ ಅಂಟಿಸುವ ಉತ್ಸಾಹವನ್ನು ಅಧ್ಯಾಪಕ ಬಂಧುಗಳು ಕೈಬಿಟ್ಟರೆ ಯಾವ ವಿದ್ಯಾರ್ಥಿಗೂ ನಷ್ಟವಿಲ್ಲ.

ನಮ್ಮಂಥ ಸಂಸ್ಥೆಗಳಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ‘ಕಾಯಕ’ ಎಂಬ ಪವಿತ್ರ ಶಬ್ದವನ್ನು ಹೆಚ್ಚಿನ ಹೊರೆ ಹೊರಿಸುವ ಸಂದರ್ಭದಲ್ಲಿ ಬಳಸುವ ರೂಢಿ ಬೆಳೆದಿದೆ. ದಣಿವನ್ನು ಹೇಳಿಕೊಂಡ ಅಧ್ಯಾಪಕರಿಗೆ ಕಾಯಕದ ಮಹಿಮೆಯನ್ನು ಉಪದೇಶಿಸುವುದು ಸುಲಭ. ಆದರೆ ಶರಣರ ಚರಿತ್ರೆಯಲ್ಲಿ ಕಾಯಕಕ್ಕೆ ಮಿತಿಯೂ ಇತ್ತೆಂಬುದನ್ನು ಮರೆಯಲಾಗದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರೆಂಬ ಪ್ರಸಂಗ ಈ ಸಂಚಿಕೆಯ ಓದುಗರಿಗೆಲ್ಲ ತಿಳಿದುದೇ. ಅದು ಆಸೆಯ ಕುರಿತಾದ ಪ್ರಸಂಗ, ದಣಿವಿನದಲ್ಲ, ನಿಜ. ಆದರೂ ಅಂದಿನ ಕಾಯಕ ಅಂದಿಗೆ ಎಷ್ಟು ಸಾಕೆಂಬ ಅಳತೆಯೊಂದು ಆ ಮನೆಯಲ್ಲಿತ್ತು. ಮಿತಿಮೀರಿ ತಂದವರನ್ನು ಆ ಮನೆಯಲ್ಲಿ ಹೊಗಳಲಿಲ್ಲ. ನಮ್ಮ ವಾರ್ಷಿಕೋತ್ಸವಗಳಲ್ಲಿ ರಾತ್ರಿ ಹತ್ತರವರೆಗೆ ಶಾಲೆಯಲ್ಲಿಯೇ ಇರುವ ಅಧ್ಯಾಪಕರಿಗೆ ಶಾಲು ಹೊದಿಸುತ್ತೇವೆ. ಅವರೇಕೆ ಹತ್ತರವರೆಗೆ ಇರಬೇಕಾಯಿತೆಂದು ಕೇಳುವವರು ಕಡಿಮೆ.

ಆ ಪ್ರಶ್ನೆಯನ್ನು ಕೇಳಬೇಕಾದವರು ಮುಖ್ಯಾಧ್ಯಾಪಕರು ಮತ್ತು ಆಡಳಿತ ಮಂಡಳಿಯವರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರವಾದ ತನ್ನ ವರ್ಗೀಕರಣದಲ್ಲಿ, ದುಡಿದು ಬತ್ತಿಹೋಗುವ ಈ ಸ್ಥಿತಿಯನ್ನು ಕಾಯಿಲೆಯೆಂದು ಕರೆಯದೆ, ಕೆಲಸದ ಸ್ಥಳದಲ್ಲಿ ಬಹುಕಾಲ ನಿಭಾಯಿಸಲಾಗದೆ ಉಳಿದ ಒತ್ತಡದ ಪರಿಣಾಮವೆಂದು ಗುರುತಿಸಿದೆ. ಮದ್ದು ಕೂಡ ಅಲ್ಲಿಯೇ ಸಿಗಬೇಕು. ಹೊಸದೊಂದು ಕೆಲಸವನ್ನು ಒಪ್ಪಿಸುವ ಮುಖ್ಯಾಧ್ಯಾಪಕರು ಅದರ ಜೊತೆಗೇ ಯಾವ ಹಳೆಯ ಕೆಲಸವನ್ನು ಬಿಡಬಹುದೆಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅಧ್ಯಾಪಕರು ತಾವಾಗಿಯೇ ಒಂದನ್ನು ಬಿಡುತ್ತಾರೆ, ಅದು ನೋಟ್ ಪುಸ್ತಕದ ಕಟ್ಟೇ ಆಗಿರುತ್ತದೆ. ಕಚೇರಿಗಳಿಂದ ಬಂದ ಸಂದೇಶಗಳನ್ನೆಲ್ಲ ಬಂದ ಗಳಿಗೆಯಲ್ಲಿಯೇ ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ದಾಟಿಸುವುದು ಆಡಳಿತವಲ್ಲ. ಕೆರೆಗೆ ತೂಬಿರುವುದು ನೀರನ್ನು ತಡೆದು, ಬೇಕಾದಾಗ, ಬೇಕಾದಷ್ಟು ಬಿಡುವುದಕ್ಕಾಗಿ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ಉದಾರಿಗಳಾದ ದಾನಿಗಳಲ್ಲಿ ಒಂದು ಅರಿಕೆ. ತಮ್ಮ ಕೊಡುಗೆಯಿಂದ ಕೊಠಡಿಗಳಾಗಿವೆ, ಕುಡಿಯುವ ನೀರಿನ ಘಟಕಗಳಾಗಿವೆ. ಪ್ರತಿಯೊಂದರ ಮೇಲೂ ಅಮೃತಶಿಲೆಯ ಫಲಕವಿದೆ. ಅದು ಇರಬೇಕಾದುದೇ. ಆದರೆ ಅನೇಕ ಅನುದಾನಿತ ಶಾಲೆಗಳಲ್ಲಿ ಗುಮಾಸ್ತರು ನಿವೃತ್ತರಾದ ಮೇಲೆ ಆ ಕುರ್ಚಿ ಬರಿದಾಗಿಯೇ ಉಳಿದಿದೆ, ಅವರ ಕೆಲಸ ಅಧ್ಯಾಪಕರಿಗೆ ಹಂಚಿಹೋಗಿದೆ. ಗಣಕಯಂತ್ರ ಬಲ್ಲ ಒಬ್ಬ ತರುಣನನ್ನೋ ತರುಣಿಯನ್ನೋ ವರ್ಷಾವಧಿ ನೇಮಿಸಿಕೊಂಡು ಸ್ಯಾಟ್ಸ್, ಯು-ಡೈಸ್, ವಿದ್ಯಾರ್ಥಿವೇತನ, ಬಿಸಿಯೂಟದ ಲೆಕ್ಕಗಳನ್ನು ಒಪ್ಪಿಸಿದರೆ ಇಡೀ ಸಿಬ್ಬಂದಿಗೆ ದಿನಕ್ಕೊಂದು ಅವಧಿ ಮರಳಿ ಸಿಕ್ಕೀತೆಂದು ನನ್ನ ಅಂದಾಜು. ಆ ಸಂಬಳಕ್ಕೆ ತಗಲುವ ಹಣ ಕೊಠಡಿಯೊಂದರ ವೆಚ್ಚಕ್ಕೆ ಹೋಲಿಸಿದರೆ ಅಲ್ಪವೇ. ತೊಡಕು ಒಂದೇ: ಗುಮಾಸ್ತನ ಬೆನ್ನಿಗೆ ಫಲಕ ಹೊಡೆಯಲು ಬರುವುದಿಲ್ಲ. ಅದನ್ನು ಸಹಿಸಿಕೊಳ್ಳಬಲ್ಲ ದಾನಿಗಳೊಬ್ಬರು ಮುಂದೆ ಬಂದರೆ, ಬರುವ ಜೂನ್ ತಿಂಗಳಿನಿಂದಲೇ ಆರಂಭಿಸಬಹುದಾದ ಕೆಲಸವಿದು.