ಪತ್ತಿಕೊಂಡದಲ್ಲಿ ನಿಂತ ಪಯಣ

ಆದವಾನಿಯ ಆಗ್ನೇಯಕ್ಕಿರುವ ಪತ್ತಿಕೊಂಡದಲ್ಲಿ 1827ನೆಯ ಜುಲೈ 6ರಂದು ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಕಾಲರಾ ಬೇನೆಗೆ ತುತ್ತಾದರು. ಸ್ವದೇಶಕ್ಕೆ ಮರಳುವ ಮುನ್ನ, ತಾವು ಹಿಂದೆ ಆಳಿದ ಸೀಮೆಯನ್ನೊಮ್ಮೆ ಕಂಡುಬರಲು ಕೈಗೊಂಡ ಪಯಣ ಅಲ್ಲಿಗೇ ನಿಂತಿತು.

ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಈ ದತ್ತಮಂಡಲಕ್ಕೆ ಅವರು ಪ್ರಧಾನ ಕಲೆಕ್ಟರರಾಗಿ ಬಂದರು. ಪಾಳೆಯಗಾರರನ್ನು ಅಡಗಿಸಿದರು. ಹೊಲಗಳನ್ನು ಅಳೆಯಿಸಿ, ನಡುವೆ ಜಮೀನ್ದಾರನಿಲ್ಲದೆ ರೈತನೊಡನೆಯೇ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ತಂದರು. ಆದರೆ ಆ ಕಂದಾಯ ಹಗುರವಾಗಿರಲಿಲ್ಲ. ಅದನ್ನರಿತೇ ಅವರು 1807ರಲ್ಲಿ, ಕಾಲುಭಾಗ ಇಳಿಸಬೇಕೆಂದು ಶಿಫಾರಸು ಮಾಡಿದರು. ಮೇಲಿನವರು ಒಪ್ಪದೆ ಹಳ್ಳಿಗಳನ್ನೇ ಗುತ್ತಿಗೆಗೆ ಕೊಟ್ಟರು. ರೈತರು ಬಹುವರ್ಷ ಬವಣೆಪಟ್ಟರು. 1820ರಲ್ಲಿ ಮನ್ರೋ ಗವರ್ನರರಾಗಿ ಹಿಂದಿರುಗಿದ ಮೇಲೆ ಆ ಇಳಿಕೆ ಜಾರಿಗೆ ಬಂದಿತು. ಕೆಳಗಿನ ಹುದ್ದೆಯಲ್ಲಿದ್ದಾಗ ಆಡಿದ ಮಾತನ್ನು ಗದ್ದುಗೆಯೇರಿದ ಬಳಿಕವೂ ನೆನೆಯುವವರು ವಿರಳ.

ಓದುಗ ಬಂಧುಗಳಿಗೆ ಇನ್ನೊಂದು ಸಂಗತಿಯನ್ನು ತಿಳಿಸಬೇಕು. ಜನರು ಏನು ಓದುತ್ತಾರೆಂದು ಅರಿಯದೆ ಆಳುವುದು ಸರಿಯಲ್ಲವೆಂದು ಭಾವಿಸಿದ ಮನ್ರೋ, 1822ರಲ್ಲಿ ಪ್ರತಿ ಜಿಲ್ಲೆಯ ಪಾಠಶಾಲೆಗಳ ಲೆಕ್ಕವನ್ನು ಕೇಳಿದರು. ಆದವಾನಿಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಿಂದ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿಯಂತೆ ಇದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಎರಡು ನುಡಿಗಳೂ ಒಂದೇ ಸೀಮೆಯಲ್ಲಿ ಅಕ್ಕತಂಗಿಯರಂತೆ ಬಾಳಿದ್ದವು. ಬಡತನದಿಂದ ಶಾಲೆಗಳು ಸೊರಗುತ್ತಿವೆಯೆಂದೂ ಆ ವರದಿ ಎಚ್ಚರಿಸಿತ್ತು. 1826ರಲ್ಲಿ ಮನ್ರೋ ತಾಲ್ಲೂಕುಗಳಲ್ಲಿ ಸರಕಾರಿ ಶಾಲೆಗಳನ್ನು ತೆರೆಯುವ ಯೋಜನೆ ಹೂಡಿದರು. ಮರುವರ್ಷವೇ ಅವರು ತೀರಿಕೊಂಡರು. ಪೋಷಿಸುವವರಿಲ್ಲದೆ ಯೋಜನೆಯೂ ಬಾಡಿತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರುಗಳು ಆಂಧ್ರದಲ್ಲಿ ಉಳಿದವು. ಗಡಿಯ ಗೆರೆ ಎಲ್ಲಿಯೇ ಬಿದ್ದರೂ 235ರ ಆ ಲೆಕ್ಕ ಅಳಿಯದು. ಆ ಶಾಲೆಗಳ ಉಪಾಧ್ಯಾಯರನ್ನು ಸಾಕಿದವರು ಬಹುಮಟ್ಟಿಗೆ ಮಕ್ಕಳ ತಂದೆತಾಯಿಗಳೇ ಎಂಬುದನ್ನು ನಾವು ಮರೆಯಲಾಗದು. ಪತ್ತಿಕೊಂಡದಲ್ಲಿ ಮನ್ರೋ ನೆನಪಿಗೆ ಸರಕಾರ ತೋಪು ಬೆಳೆಸಿತು, ಬಾವಿ ತೋಡಿಸಿತು. ಅವರು ಕೇಳಿದ ಪ್ರಶ್ನೆ ಮಾತ್ರ ನಮ್ಮ ಹೊಸ್ತಿಲಿಗೇ ಬಂದು ನಿಂತಿದೆ: ಈ ಮನೆಯಲ್ಲಿ ಕನ್ನಡ ಓದಬಲ್ಲ ಮಕ್ಕಳೆಷ್ಟು? ಈ ಲೆಕ್ಕವನ್ನು ಯಾವ ಕಲೆಕ್ಟರರೂ ಬರೆದುಕೊಡಲಾರರು, ನಾವೇ ಒಪ್ಪಿಸಬೇಕು.