ಗೃಹಾರೋಗ್ಯ: ಪ್ಲಾಸ್ಟಿಕ್ಕಿನಲ್ಲಿ ಕಿಲುಬು ಕಾಣುವುದಿಲ್ಲ

ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನಿಡಬಾರದೆಂಬುದು ಅಕ್ಷರವರಿಯದ ಅಜ್ಜಿಯರಿಗೂ ತಿಳಿದಿದ್ದ ಸಂಗತಿ. ಹುಳಿಯು ಲೋಹವನ್ನು ತಿಂದು ಹಸುರು ಕಿಲುಬನ್ನೆಬ್ಬಿಸುವುದು, ಪದಾರ್ಥದ ರುಚಿ ಕೆಡುವುದು, ಉಂಡವರಿಗೆ ವಾಂತಿಯಾಗುವುದು. ಆದುದರಿಂದಲೇ ಉಪ್ಪಿನಕಾಯಿಗೆ ಪಿಂಗಾಣಿಯ ಜಾಡಿ, ಹುಳಿಗೆ ಕಲ್ಲುಮರಿಗೆ, ಮಜ್ಜಿಗೆಗೆ ಮಣ್ಣಿನ ಗಡಿಗೆ ಎಂಬ ಏರ್ಪಾಡು ನಮ್ಮ ಅಡಿಗೆಯ ಮನೆಗಳಲ್ಲಿ ನೆಲೆಗೊಂಡಿತ್ತು.

ಈಗ ಆ ಪಾತ್ರೆಗಳ ಸ್ಥಾನವನ್ನು ಪ್ಲಾಸ್ಟಿಕ್ಕು ಬಹುಮಟ್ಟಿಗೆ ಆಕ್ರಮಿಸಿದೆ. ಅದು ಹಗುರವಾದುದು, ಒಡೆಯದು, ಅಗ್ಗವಾಗಿ ದೊರೆಯುವುದು. ಈ ಗುಣಗಳನ್ನು ಅಲ್ಲಗಳೆಯುವವರಾರು? ಆದರೆ ಅದರಿಂದ ಆಹಾರಕ್ಕೆ ಇಳಿಯತಕ್ಕ ಅತ್ಯಲ್ಪ ರಾಸಾಯನಿಕಗಳು ಬಣ್ಣದಿಂದಾಗಲಿ ರುಚಿಯಿಂದಾಗಲಿ ತಮ್ಮ ಇರವನ್ನು ತೋರಿಸಿಕೊಳ್ಳುವುದಿಲ್ಲ. ಕಣ್ಣೂ ನಾಲಗೆಯೂ ಎಚ್ಚರಿಸದೆ ಇರುವಲ್ಲಿ ತಿಳಿವಳಿಕೆಯೇ ನಮ್ಮನ್ನು ಎಚ್ಚರಿಸಬೇಕಾಗಿದೆ.

ಇಳಿಯುವ ವಸ್ತುಗಳಾವುವು? ಗಾಜಿನಂತೆ ಸ್ವಚ್ಛವಾಗಿಯೂ ಗಟ್ಟಿಯಾಗಿಯೂ ಇರುವ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕನ್ನು ಬಿಸ್ಫೆನಾಲ್-ಎ ಎಂಬುದರಿಂದ ತಯಾರಿಸುತ್ತಾರೆ. ಇದು ಈಸ್ಟ್ರೋಜನ್ ಎಂಬ ಸ್ತ್ರೀಹಾರ್ಮೋನಿನಂತೆ ವರ್ತಿಸಬಲ್ಲುದೆಂದು ಇಂಗ್ಲೆಂಡಿನ ಡಾಡ್ಸ್ ಮತ್ತು ಲಾಸನ್ ಎಂಬ ವಿಜ್ಞಾನಿಗಳು 1936ರಲ್ಲಿಯೇ ಪ್ರಕಟಿಸಿದ್ದರು. ಪಾಲಿಕಾರ್ಬೊನೇಟಿನ ಪಾತ್ರೆಗಳು ಪೇಟೆಗೆ ಬಂದುದು ಅದಾದ ಮೇಲೆ! ಇನ್ನು ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸುವ ಥ್ಯಾಲೇಟುಗಳು ಅದರೊಡನೆ ಬಿಗಿಯಾಗಿ ಕೂಡಿಕೊಂಡಿರುವುದಿಲ್ಲ. ಎಣ್ಣೆತುಪ್ಪಗಳು ಸೋಂಕಿದರೆ ಅವು ಸುಲಭವಾಗಿ ಹೊರಬರುವುವು. ಇವುಗಳಲ್ಲಿ ಕೆಲವು ಗಂಡು ಇಲಿಮರಿಗಳ ಜನನೇಂದ್ರಿಯಗಳ ಬೆಳವಣಿಗೆಗೆ ಕುಂದನ್ನು ತರುವುವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಹಾರ್ಮೋನುಗಳು ಅತಿ ಸ್ವಲ್ಪ ಪ್ರಮಾಣದಲ್ಲಿಯೇ ಶರೀರದ ಬೆಳವಣಿಗೆಯನ್ನು ನಡೆಸತಕ್ಕವು. ಆದುದರಿಂದ ಅವುಗಳ ವೇಷದಲ್ಲಿ ಬರುವ ವಸ್ತುಗಳ ವಿಷಯದಲ್ಲಿ ಗರ್ಭಿಣಿಯರೂ ಹಸುಗೂಸುಗಳೂ ಇರುವ ಮನೆಯವರು ವಿಶೇಷವಾಗಿ ಜಾಗರೂಕರಾಗಿರತಕ್ಕದ್ದು.

ಒಂದು ದಿನ ಉಂಡೊಡನೆ ಯಾರೂ ಹಾಸಿಗೆ ಹಿಡಿಯುವುದಿಲ್ಲ; ಭಯಕ್ಕೆ ಕಾರಣವಿಲ್ಲ. ಮನುಷ್ಯರಲ್ಲಿ ಈ ವಸ್ತುಗಳಿಗೂ ರೋಗಗಳಿಗೂ ನಂಟು ಕಂಡಿದೆಯಾದರೂ ಅದು ಎಲ್ಲೆಡೆಯೂ ಕಾರ್ಯಕಾರಣ ಸಂಬಂಧವೆಂದು ಸಿದ್ಧವಾಗಿಲ್ಲ. ಆದರೂ ದಿನವೊಂದಕ್ಕೆ ಸೇವಿಸಬಹುದಾದ ಬಿಸ್ಫೆನಾಲ್-ಎ ಪ್ರಮಾಣವನ್ನು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2023ರಲ್ಲಿ, 2015ರಲ್ಲಿ ತಾನೇ ಹೇಳಿದ್ದುದರ 20,000ದಲ್ಲಿ ಒಂದು ಪಾಲಿಗೆ ಇಳಿಸಿತು. ಶಿಶುಗಳಿಗೆ ಹಾಲೂಡುವ ಸೀಸೆಗಳಲ್ಲಿ ಈ ವಸ್ತು ಇರಕೂಡದೆಂದು ಐರೋಪ್ಯ ಒಕ್ಕೂಟವು 2011ರಲ್ಲಿಯೂ, ಭಾರತೀಯ ಮಾನಕ ಬ್ಯೂರೋ 2015ರಲ್ಲಿಯೂ ವಿಧಿಸಿದುವು.

ರಾಸಾಯನಿಕವನ್ನು ಪಾತ್ರೆಯಿಂದ ಹೊರಡಿಸುವುದರಲ್ಲಿ ಶಾಖವೇ ಮುಖ್ಯ. ಕುದಿಯುವ ನೀರನ್ನು ಹೊಯ್ದಾಗ ಪಾಲಿಕಾರ್ಬೊನೇಟ್ ಸೀಸೆಗಳಿಂದ ಬಿಸ್ಫೆನಾಲ್-ಎ ಮೊದಲಿಗಿಂತ 15ರಿಂದ 55 ಪಟ್ಟು ಬೇಗನೆ ಇಳಿಯುವುದೆಂದು ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾನಿಲಯದವರು 2008ರಲ್ಲಿ ತೋರಿಸಿದರು. ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನವಿಲ್ಲದಿಲ್ಲ. ಕೆಲವು ಹೋಟೆಲುಗಳಲ್ಲಿ ಇಡ್ಲಿಯ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ಹಬೆಯಲ್ಲಿ ಬೇಯಿಸುತ್ತಿದ್ದುದು 2025ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದು, ಕರ್ನಾಟಕ ಸರ್ಕಾರವು ಆ ಪದ್ಧತಿಯನ್ನು ತಡೆಯಲು ಮುಂದಾಯಿತು. ಕಾಗದದ ಲೋಟವೆಂದು ನಾವು ನಂಬುವುದರ ಒಳಮೈಗೂ ತೆಳುವಾದ ಪ್ಲಾಸ್ಟಿಕ್ ಪೊರೆಯುಂಟು. ಅದರಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷವಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುವುವೆಂದು ಖರಗ್‌ಪುರದ ಐ.ಐ.ಟಿ.ಯವರು 2020ರಲ್ಲಿ ಪ್ರಕಟಿಸಿದರು.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಬಿಸಿಯಾದುದು, ಜಿಡ್ಡಾದುದು, ಹುಳಿಯಾದುದು ಈ ಮೂರನ್ನು ಪ್ಲಾಸ್ಟಿಕ್ಕಿನಿಂದ ದೂರವಿಡುವುದೇ ಮೊದಲ ನಿಯಮ. ಬಿಸಿ ಸಾರು, ಕಾಫಿ, ಕರಿದ ತಿಂಡಿಗಳಿಗೆ ಸ್ಟೀಲಿನ ಪಾತ್ರೆಯೂ, ಉಪ್ಪಿನಕಾಯಿ ತುಪ್ಪಗಳಿಗೆ ಗಾಜು ಪಿಂಗಾಣಿಗಳೂ ಇರಲಿ. ಹೋಟೆಲಿನಿಂದ ಸಾಂಬಾರನ್ನು ತರುವ ಯಜಮಾನರು ಕೈಯಲ್ಲಿ ಟಿಫಿನ್ ಕ್ಯಾರಿಯರನ್ನು ಹಿಡಿದು ಹೋಗುವುದರಿಂದ ಗೌರವಕ್ಕೇನೂ ಕುಂದಿಲ್ಲ. ಮೈಕ್ರೋವೇವ್ ಒಲೆಯಲ್ಲಿ ಪ್ಲಾಸ್ಟಿಕ್ಕಿನೊಡನೆ ಆಹಾರವನ್ನು ಕಾಯಿಸಬಾರದು; ಡಬ್ಬಿ ಕರಗುವುದಿಲ್ಲವೆಂದ ಮಾತ್ರಕ್ಕೆ ಅದರಿಂದ ಏನೂ ಇಳಿಯುವುದಿಲ್ಲವೆಂದು ತಿಳಿಯಲಾಗದು. ಕುಡಿಯುವ ನೀರಿನ ಕ್ಯಾನುಗಳನ್ನು ಬಿಸಿಲಿನಲ್ಲಿಡಕೂಡದು.

ಪಾತ್ರೆಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕೆಯಿರುವುದುಂಟು. 3 ಎಂದರೆ ಪಿ.ವಿ.ಸಿ.; 6 ಎಂದರೆ ಪಾಲಿಸ್ಟೈರೀನ್; 7ರಲ್ಲಿ ಪಾಲಿಕಾರ್ಬೊನೇಟೂ ಅಡಗಿರಬಹುದು. ಈ ಮೂರನ್ನು ಆಹಾರಕ್ಕೆ ಬಳಸದಿರುವುದು ಕ್ಷೇಮ. ಬಿಸ್ಫೆನಾಲ್-ಎ ಇಲ್ಲವೆಂಬ ಚೀಟಿಯನ್ನು ಕಂಡೊಡನೆ ಪೂರ್ಣವಾಗಿ ನಂಬಬಾರದು. ಅದಕ್ಕೆ ಬದಲಾಗಿ ಬೆರೆಸುವ ಬಿಸ್ಫೆನಾಲ್-ಎಸ್ ಎಂಬುದೂ ಹೆಚ್ಚುಕಡಿಮೆ ಅದೇ ಸ್ವಭಾವದ್ದು.

ಎಲ್ಲವನ್ನೂ ಒಂದೇ ದಿನ ಬಿಸುಟು ಹಣವನ್ನು ಹಾಳುಮಾಡಬೇಕಾದುದಿಲ್ಲ. ಬೇಳೆ, ರವೆ, ಸಕ್ಕರೆ ಮೊದಲಾದ ಒಣ ಸಾಮಾನುಗಳು ಒಳ್ಳೆಯ ಡಬ್ಬಿಗಳಲ್ಲಿದ್ದರೆ ಬಾಧಕ ಅಲ್ಪ. ಗೀರುಬಿದ್ದು ಮಾಸಿದ ಡಬ್ಬಿಗಳನ್ನು ಮಾತ್ರ ಗುಂಡಿ, ದಾರ, ಮೊಳೆಗಳಿಗೆ ಬಿಟ್ಟುಕೊಟ್ಟರಾಯಿತು. ಕೊಳ್ಳುವುದಿದ್ದರೆ ತಿಂಗಳಿಗೊಂದು ಸ್ಟೀಲಿನ ಡಬ್ಬಿಯಂತೆ ಕೊಂಡರೂ ವರ್ಷಕ್ಕೆ ಹನ್ನೆರಡಾಗುವುವು.

ಮನೆಯಲ್ಲಿ ಮಗುವಿದ್ದರೆ ಅಲ್ಲಿಂದಲೇ ಪ್ರಾರಂಭಿಸಿರಿ. ತಾಯಿಯ ಹಾಲಿಗೆ ಸಮಾನವಾದುದಿಲ್ಲ. ಮೇಲುಹಾಲು ಅನಿವಾರ್ಯವಾದರೆ ವೈದ್ಯರ ಸಲಹೆ ಪಡೆದು, ಕುದಿಸಿ ತೊಳೆದ ಬಟ್ಟಲು ಚಮಚೆಗಳಿಂದಲೋ ಒಳಲೆಯಿಂದಲೋ ಕುಡಿಸಬಹುದು. ದೊಡ್ಡವರು ತಮ್ಮ ಪಾತ್ರೆಯನ್ನು ತಾವೇ ಆರಿಸಿಕೊಳ್ಳಬಲ್ಲರು. ಕೂಸಿನ ಪಾತ್ರೆಯನ್ನು ಆರಿಸಬೇಕಾದವರು ನಾವು.