ಗಣಕದ ಮನೆಯಲ್ಲಿ ಯಾರ ಖರ್ಚು ಎಷ್ಟು?

ಅರಸೀಕೆರೆ ತಾಲ್ಲೂಕಿನ ಗಂಡಸಿಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹ್ಯಾಂಡ್‌ಪೋಸ್ಟಿನ ಬಳಿ ಅವರದೊಂದು ಸಣ್ಣ ಅಂಗಡಿ. ಲಿನಕ್ಸ್ ವ್ಯವಸ್ಥೆಯುಳ್ಳ ಒಂದೇ ಗಣಕಯಂತ್ರದಲ್ಲಿ ಜನರ ಅರ್ಜಿಗಳನ್ನು ತುಂಬುವುದು, ಭಾವಚಿತ್ರಗಳ ಕಂತೆಯನ್ನು ತಿದ್ದಿ ಅಣಿಗೊಳಿಸುವುದು, ಹಳೆಯ ಕಡತಗಳ ನಕಲು ತೆಗೆದಿಡುವುದು, ಈ ಮೂರೂ ಏಕಕಾಲದಲ್ಲಿ ನಡೆಯುತ್ತವೆ. ಮಧ್ಯಾಹ್ನವಾಯಿತೆಂದರೆ ಯಂತ್ರ ಹೆಜ್ಜೆ ಕೀಳದು. ಫೋಟೋ ಕೆಲಸದ ಹುಡುಗನೇ ಅದಕ್ಕೆ ಕಾರಣವೆಂದು ಮನೆಯವರ ದೂರು. ಅವನನ್ನು ಕೆಲಸದಿಂದ ಬಿಡಿಸುವುದೇ, ಸಾಲಮಾಡಿ ಹೊಸ ಯಂತ್ರ ಕೊಳ್ಳುವುದೇ ಎಂಬುದು ಅವರ ಪ್ರಶ್ನೆ.

ಎರಡಕ್ಕೂ ಮೊದಲು ಆಗಬೇಕಾದುದು ಲೆಕ್ಕ.

ಯಂತ್ರದೊಳಗೆ ನಡೆಯುತ್ತಿರುವ ಒಂದೊಂದು ಕೆಲಸಕ್ಕೂ ‘ಪ್ರೊಸೆಸ್’ ಎಂದು ಹೆಸರು. ಒಂದು ಪ್ರೊಸೆಸ್ ಬೇಕೆಂದಾಗ ಮರಿಗಳನ್ನು ಹುಟ್ಟಿಸುತ್ತದೆ. ಅವುಗಳಲ್ಲಿ ಎಷ್ಟೋ ಕ್ಷಣಮಾತ್ರ ದುಡಿದು ಅಳಿಯುತ್ತವೆ. ‘ಟಾಪ್’ ಎಂಬ ಸಾಮಾನ್ಯ ಪಟ್ಟಿಯಾದರೋ ಕೆಲವು ಸೆಕೆಂಡಿಗೊಮ್ಮೆ ಇಣುಕಿ, ಆಗ ಎದುರಿಗಿದ್ದವುಗಳನ್ನಷ್ಟೇ ತೋರಿಸುತ್ತದೆ. ಮದುವೆಮನೆಯಲ್ಲಿ ಗಂಟೆಗೊಮ್ಮೆ ಪಂಕ್ತಿಯನ್ನು ಎಣಿಸಿದರೆ, ನಡುವೆ ಬಂದು ಉಂಡು ಎದ್ದುಹೋದ ನೆಂಟರು ಲೆಕ್ಕಕ್ಕೆ ಸಿಕ್ಕುವರೆ? ಇನ್ನೊಂದು ತೊಡಕೂ ಉಂಟು. ಹಲವು ಪ್ರೊಸೆಸ್‌ಗಳು ಹಂಚಿಕೊಂಡ ಮೆಮೊರಿಯು ಪ್ರತಿಯೊಂದರ ಹೆಸರಿನಲ್ಲಿಯೂ ಕಾಣುವುದರಿಂದ, ಎಲ್ಲವನ್ನೂ ಕೂಡಿದರೆ ಮೊತ್ತವು ನಿಜಕ್ಕಿಂತ ಹೆಚ್ಚಾಗುತ್ತದೆ.

ಆದುದರಿಂದ ಬಿಡಿ ಆಳನ್ನು ಬಿಟ್ಟು ಇಡೀ ಕುಟುಂಬವನ್ನು ಎಣಿಸುವ ಉಪಾಯವೊಂದು ಹುಟ್ಟಿತು. ಅದೇ ‘ಕಂಟ್ರೋಲ್ ಗ್ರೂಪ್’. 2006ರಲ್ಲಿ ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಇದನ್ನು ಆರಂಭಿಸಿದರು. 2008ರ ಜನವರಿಯಲ್ಲಿ ಲಿನಕ್ಸ್ 2.6.24ರೊಳಗೆ ಇದು ಸೇರಿತು. ನಮ್ಮವರು ಹೆಮ್ಮೆಪಡಬೇಕಾದ ಸಂಗತಿಯೊಂದು ಇಲ್ಲಿದೆ. ಪ್ರೊಸೆಸರಿನ ಹೊತ್ತನ್ನು ಗುಂಪುಗಳಿಗೆ ಹಂಚುವ ಏರ್ಪಾಡಿನಲ್ಲಿ ದುಡಿದ ಶ್ರೀವತ್ಸ ವಡ್ಡಗಿರಿ, ಮೆಮೊರಿಯ ಲೆಕ್ಕವನ್ನು ರೂಪಿಸಿದವರಲ್ಲಿ ಮುಖ್ಯರಾದ ಬಲ್ಬೀರ್ ಸಿಂಗ್, ಇಬ್ಬರೂ ಆಗ ಬೆಂಗಳೂರಿನ ಐಬಿಎಂ ಪ್ರಯೋಗಾಲಯದಲ್ಲಿದ್ದವರು. 2016ರಲ್ಲಿ ಲಿನಕ್ಸ್ 4.5ರೊಡನೆ ಬಂದ ಎರಡನೆಯ ರೂಪವೇ ಈಗ ರೂಢಿಯಲ್ಲಿದೆ.

ಇದರ ಕ್ರಮ ಸರಳವಾದುದು. ಗುಂಪಿಗೆ ಸೇರಿದ ಪ್ರೊಸೆಸ್‌ಗೆ ಹುಟ್ಟುವ ಮರಿಯೂ ಅದೇ ಗುಂಪಿನಲ್ಲಿ ಹುಟ್ಟುತ್ತದೆ. ಮರಿ ಅಳಿದರೂ ಅದು ಬಳಸಿದ ಹೊತ್ತು ಗುಂಪಿನ ಲೆಕ್ಕದಲ್ಲಿ ಉಳಿಯುತ್ತದೆ. ನಮ್ಮ ಓದುಗರು ‘ಸಿಸ್ಟಮ್‌ಡಿ-ರನ್’ ಎಂಬ ಆಜ್ಞೆಯಿಂದ ಮೂರು ಕೆಲಸಗಳನ್ನೂ ಮೂರು ಬೇರೆ ಗುಂಪುಗಳಲ್ಲಿ ಹೊರಡಿಸಲಿ. ‘ಸಿಪಿಯು.ಸ್ಟ್ಯಾಟ್’ ಎಂಬ ಕಡತವು ಬಳಸಿದ ಹೊತ್ತನ್ನು ಮೈಕ್ರೊಸೆಕೆಂಡುಗಳಲ್ಲಿ ಹೇಳುತ್ತದೆ. ಹತ್ತು ಸೆಕೆಂಡಿನ ಅಂತರದಲ್ಲಿ ಎರಡು ಸಲ ಓದಿದಾಗ ವ್ಯತ್ಯಾಸ 60 ಲಕ್ಷವಾದರೆ, ಆ ಗುಂಪು 6 ಸೆಕೆಂಡು ದುಡಿದಿದೆ ಎಂದರ್ಥ. ನಾಲ್ಕು ಕೋರಿನ ಯಂತ್ರದಲ್ಲಿ ಆ ಅವಧಿಗೆ ಒಟ್ಟು 40 ಸೆಕೆಂಡು ಲಭ್ಯ. ಅದರಲ್ಲಿ ಈ ಗುಂಪಿನ ಪಾಲು ನೂರಕ್ಕೆ 15 ಮಾತ್ರ. ಕೆಲಸ ಮುಗಿದು ಗುಂಪು ಕರಗಿದರೆ ಅದರ ಕಡತಗಳೂ ಕರಗುತ್ತವೆ. ಅದಕ್ಕೆ ಮುಂಚೆಯೇ ಓದಿಕೊಳ್ಳತಕ್ಕದ್ದು.

‘ಮೆಮೊರಿ.ಕರೆಂಟ್’ ಕಡತವನ್ನು ನೋಡಿ ಗಾಬರಿಯಾಗಬಾರದು. ಡಿಸ್ಕಿನಿಂದ ಓದಿ, ಮತ್ತೆ ಬೇಕಾದೀತೆಂದು ಇರಿಸಿಕೊಂಡ ಸರಕೂ ಅದರಲ್ಲಿ ಸೇರಿರುತ್ತದೆ; ಅದರಲ್ಲಿ ಬಹುಪಾಲನ್ನು ಇಕ್ಕಟ್ಟಾದಾಗ ತೆರವು ಮಾಡಬಹುದು. ಹಂಚಿಕೊಂಡ ಮೆಮೊರಿಯು ಒಂದೇ ಸಲ, ಮೊದಲು ಮುಟ್ಟಿದ ಗುಂಪಿನ ಹೆಸರಿಗೆ ಬರೆಯಲ್ಪಡುತ್ತದೆ. ಮೊದಲು ಬಡಿಸಿಕೊಂಡವನ ತಲೆಗೇ ಪಾತ್ರೆಯ ಬೆಲೆ ಬಿದ್ದಂತೆ. ಇದನ್ನರಿಯದೆ ಒಬ್ಬನನ್ನು ಹೊಟ್ಟೆಬಾಕನೆನ್ನುವುದು ನ್ಯಾಯವಲ್ಲ.

ಹೆಚ್ಚು ಬಳಸಿದವನೇ ತೊಂದರೆಯ ಮೂಲವೆನ್ನುವಂತೆಯೂ ಇಲ್ಲ. 2018ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 4.20ರಿಂದ ‘ಪ್ರೆಶರ್’ ಎಂಬ ಅಳತೆಯಿದೆ. ಕೆಲಸವು ಕಾಯುತ್ತ ಕಳೆದ ಹೊತ್ತನ್ನು ಅದು ಹೇಳುತ್ತದೆ. ಅರ್ಜಿಯ ಗುಂಪಿನಲ್ಲಿ ಮೆಮೊರಿಯ ಒತ್ತಡ ಸದಾ ಏರಿದ್ದರೆ ಮೆಮೊರಿ ಹೆಚ್ಚಿಸಿದರೆ ಸಾಕಾದೀತು, ಇಡೀ ಯಂತ್ರವೇ ಬೇಕಾಗದು. ಒತ್ತಡ ಡಿಸ್ಕಿನದಾಗಿದ್ದು, ನಕಲಿನ ಕೆಲಸವೇ ಡಿಸ್ಕನ್ನು ಹಿಡಿದಿದ್ದರೆ ಅದನ್ನು ಅಂಗಡಿ ಮುಚ್ಚಿದ ಮೇಲಕ್ಕೆ ತಳ್ಳಬಹುದು. ಪ್ರೊಸೆಸರಿಗಾಗಿ ನೂಕುನುಗ್ಗಲಾದರೆ ‘ಸಿಪಿಯು.ವೇಟ್’ ಎಂಬಲ್ಲಿ ಎಲ್ಲ ಗುಂಪಿಗೂ ಮೊದಲಿಗೆ ಇರುವ 100ರ ತೂಕವನ್ನು ಫೋಟೋ ಗುಂಪಿಗೆ 50ಕ್ಕೆ ಇಳಿಸಿದರೆ, ಗಿರಾಕಿಯ ಅರ್ಜಿ ಮುಂದೆ ಸಾಗುತ್ತದೆ.

ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಈ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಅದುವರೆಗೆ ಸಾಲದ ಮಾತು ಬೇಡ, ಹುಡುಗನೂ ಅಂಗಡಿಯಲ್ಲಿಯೇ ಇರಲಿ. ಆ ಲೆಕ್ಕವನ್ನು ಅವನ ಕೈಯಿಂದಲೇ ಬರೆಯಿಸಿದರೆ ಇನ್ನೂ ಒಳ್ಳೆಯದು. ದೂರು ಹೊತ್ತವನಿಗೆ ಅಷ್ಟು ಹಕ್ಕಾದರೂ ಉಂಟಲ್ಲವೆ?